ಎರಡು ಬಾರಿ ಬರೆದ ಅರ್ಜಿ: ಪೂರ್ಣ ವಿದ್ಯಾರ್ಥಿವೇತನಕ್ಕೆ ನಾನು ಸಿದ್ಧನಾದ ಬಗೆ

ಶಿರಸಿಯಲ್ಲಿ ನಾಲ್ಕು ವರ್ಷ ಅರಣ್ಯಶಾಸ್ತ್ರ ಓದಿ 2021ರಲ್ಲಿ ಹೊರಬಂದ ನಾನು, ಕುಮಟಾ ತಾಲೂಕಿನ ನಮ್ಮ ಊರಿಗೆ ಮರಳಿ, ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಕುರಿತ ಸಣ್ಣ ಯೋಜನೆಯೊಂದರಲ್ಲಿ ಸಹಾಯಕನಾಗಿ ಸೇರಿಕೊಂಡೆ. ವಿದೇಶದಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆ ಕಾಲೇಜಿನ ದಿನಗಳಿಂದಲೂ ಇತ್ತು. ಆದರೆ ಒಂದೂವರೆ ಎಕರೆ ಗಜನಿ ಗದ್ದೆ ಮತ್ತು ಹಿತ್ತಿಲಿನ ಹತ್ತಿಪ್ಪತ್ತು ತೆಂಗಿನ ಮರಗಳನ್ನು ನಂಬಿರುವ ಮನೆಯಿಂದ ಲಕ್ಷಗಟ್ಟಲೆ ಸಾಲ ಎತ್ತಿ ಹೋಗುವ ಮಾತೇ ಇರಲಿಲ್ಲ. ಶುಲ್ಕ, ಊಟ, ವಸತಿ, ವಿಮೆ ಎಲ್ಲವನ್ನೂ ಭರಿಸುವ ವಿದ್ಯಾರ್ಥಿವೇತನ ಸಿಕ್ಕರೆ ಹೋಗುವುದು, ಸಿಗದಿದ್ದರೆ ಇಲ್ಲೇ ಇರುವುದು ಎಂದು 2022ರ ಮಳೆಗಾಲದಲ್ಲಿ ತೀರ್ಮಾನಿಸಿ ಹುಡುಕಾಟ ಆರಂಭಿಸಿದೆ.

ಹುಡುಕುವಾಗ ಮೊದಲು ಮಾಡಿದ ಕೆಲಸವೆಂದರೆ ನನಗೆ ಅನ್ವಯಿಸದವುಗಳನ್ನು ಕೈಬಿಟ್ಟದ್ದು. ಬ್ರಿಟನ್ನಿನ ಚೀವ್ನಿಂಗ್ ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಕೇಳುತ್ತದೆ. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಷರತ್ತೂ ಇದೆ. ಅಮೆರಿಕದ ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್‌ಗೆ ಮೂರು ವರ್ಷದ ಅನುಭವ ಬೇಕು. ಜರ್ಮನಿಯ ಡಾಡ್ (DAAD) ಸಂಸ್ಥೆಯ ಇಪಾಸ್ (EPOS) ವಿದ್ಯಾರ್ಥಿವೇತನ ಯೋಜನೆಗೆ ಎರಡು ವರ್ಷದ ಅನುಭವದ ಜೊತೆಗೆ, ಕೊನೆಯ ಪದವಿ ಪಡೆದು ಆರು ವರ್ಷ ಮೀರಿರಬಾರದು. ನನ್ನ ಅನುಭವ ಆಗಿನ್ನೂ ಒಂದು ವರ್ಷದಷ್ಟಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ನಮ್ಮ ರಾಜ್ಯದ ‘ಪ್ರಬುದ್ಧ’ ಯೋಜನೆಯಿದೆ. ನಾನು ಆ ವರ್ಗಕ್ಕೆ ಸೇರಿದವನಲ್ಲವಾದರೂ, ಅರ್ಹರಿರುವವರು ಅದನ್ನು ಮೊದಲು ನೋಡಬೇಕೆಂದು ನನ್ನ ಅನಿಸಿಕೆ.

ಹೀಗೆ ಸೋಸಿದ ಮೇಲೆ ಉಳಿದದ್ದು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್. ಹಲವು ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ ಜಂಟಿ ಸ್ನಾತಕೋತ್ತರ ಕೋರ್ಸ್‌ಗಳಿವು. ವಿದ್ಯಾರ್ಥಿ ಕನಿಷ್ಠ ಎರಡು ದೇಶಗಳಲ್ಲಿ ಓದಬೇಕು. ಆಯ್ಕೆಯಾದವರಿಗೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋದಂತೆ ಗರಿಷ್ಠ 24 ತಿಂಗಳು ಹಣ ಬರುತ್ತದೆ, ವಿಮಾನ ಮತ್ತು ವೀಸಾದ ಖರ್ಚನ್ನು ಅದರಲ್ಲೇ ತೂಗಿಸಿಕೊಳ್ಳಬೇಕು. ಅರ್ಜಿಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ. ಒಂದು ವಿಷಯವನ್ನು ನಾನು ತಡವಾಗಿ ತಿಳಿದೆ: ಪ್ರತಿ ಕೋರ್ಸ್‌ಗೂ ಇಂತಿಷ್ಟು ವರ್ಷಗಳ ವಿದ್ಯಾರ್ಥಿ ತಂಡಗಳಿಗೆಂದು ಮಾತ್ರ ಹಣ ಮಂಜೂರಾಗಿರುತ್ತದೆ. ಆ ಅವಧಿ ಮುಗಿದ ಮೇಲೂ ಕೋರ್ಸ್ ನಡೆಯಬಹುದು, ವಿದ್ಯಾರ್ಥಿವೇತನ ಇರುವುದಿಲ್ಲ. ಪಟ್ಟಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಹಿಗ್ಗದೆ, ನಾವು ಸೇರುವ ವರ್ಷಕ್ಕೆ ಹಣ ಇದೆಯೇ ಎಂದು ಆಯಾ ಕೋರ್ಸಿನ ಕಚೇರಿಗೇ ಬರೆದು ಕೇಳುವುದು ಒಳ್ಳೆಯದು. ನನಗೆ ಎರಡೇ ದಿನದಲ್ಲಿ ಉತ್ತರ ಬಂದಿತ್ತು. ಗೆಂಟ್ ವಿಶ್ವವಿದ್ಯಾಲಯದ ಮುಂದಾಳತ್ವದ ಸಾಗರ ಜೀವಿಶಾಸ್ತ್ರದ ಕೋರ್ಸನ್ನೂ, ಬ್ರಸೆಲ್ಸಿನಿಂದ ನಡೆಯುವ, ಕಾಂಡ್ಲಾ ಕಾಡುಗಳಿಗೆ ಒತ್ತು ಕೊಡುವ ಟ್ರೋಪಿಮುಂಡೋವನ್ನೂ ಇಟ್ಟುಕೊಂಡು ವಾರಗಟ್ಟಲೆ ಹೋಲಿಸಿ ನೋಡಿದೆ. ಈ ಮಧ್ಯೆ ಪಟ್ಟಣದ ಏಜೆಂಟರೊಬ್ಬರು ನಲವತ್ತು ಸಾವಿರ ಕೊಟ್ಟರೆ ಎಲ್ಲವನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಆ ‘ಎಲ್ಲ’ದಲ್ಲಿ, ಈ ಕೋರ್ಸ್ ಏಕೆ ಬೇಕೆಂದು ಅರ್ಜಿದಾರನೇ ಬರೆಯಬೇಕಾದ ಉದ್ದೇಶ ಪತ್ರವೂ ಸೇರಿದೆಯೆಂದು ತಿಳಿದಾಗ ಎದ್ದುಬಂದೆ.

ಹಾಗೆಂದು ನಾನೇ ಬರೆದದ್ದು ಚೆನ್ನಾಗಿತ್ತೆಂದಲ್ಲ. 2023ರ ಜನವರಿಯಲ್ಲಿ ಕಳಿಸಿದ ಮೊದಲ ಪತ್ರ ‘ಬಾಲ್ಯದಿಂದಲೂ ನನಗೆ ಪ್ರಕೃತಿಯೆಂದರೆ ಅಪಾರ ಪ್ರೀತಿ’ ಎಂದು ಆರಂಭವಾಗಿ, ಹವಾಮಾನ ಬದಲಾವಣೆ, ಜಾಗತಿಕ ಸವಾಲು, ಸುಸ್ಥಿರ ಅಭಿವೃದ್ಧಿ ಎಂಬ ಮೆಟ್ಟಿಲುಗಳನ್ನೇರಿ ಎಲ್ಲಿಯೂ ಇಳಿಯದೆ ಮುಗಿದಿತ್ತು. ಕಾಯ್ದಿರಿಸಿದ ಪಟ್ಟಿಯಲ್ಲಿ ಹೆಸರು ಬಂತು. ಮುಖ್ಯ ಪಟ್ಟಿಯವರು ಬಿಟ್ಟುಕೊಟ್ಟರೆ ಸರದಿ ಬರುವ ಪಟ್ಟಿ ಅದು. ಜುಲೈವರೆಗೆ ಕಾದೆ, ಬರಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ದೂರ ತಲುಪಿದ್ದೇ ಅಂಕಗಳ ಬಲದಿಂದ.

ಎರಡನೆಯ ವರ್ಷ ಪತ್ರವನ್ನು ನಮ್ಮ ಗಜನಿಯ ತೂಬಿನಿಂದ ಆರಂಭಿಸಿದೆ. ಗಜನಿಯೆಂದರೆ ಹೊಳೆಯ ಉಪ್ಪುನೀರು ಒಳಬರುವ ತಗ್ಗು ಗದ್ದೆ. ಮಳೆ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಎಂಬ, ಉಪ್ಪನ್ನೂ ನೆರೆಯನ್ನೂ ತಾಳುವ ಎತ್ತರದ ಭತ್ತ ಬೆಳೆಯುತ್ತದೆ, ಕೊಯ್ಲಿನ ನಂತರ ಅದೇ ನೀರಿನಲ್ಲಿ ಸಿಗಡಿ ಮತ್ತು ಮೀನು. ಇಳಿತದ ಹೊತ್ತಿಗೆ ಅಪ್ಪ ತೂಬಿನ ಹಲಗೆಗಳನ್ನು ಒಂದೊಂದಾಗಿ ಎತ್ತುವುದು, ಭರತ ಏರುವ ಮುನ್ನ ಮತ್ತೆ ಇಳಿಸುವುದು, ಕೊನೆಯ ಹಲಗೆಯ ಸಂದಿಗೆ ಕೆಸರು ಮೆತ್ತುವುದು ನಾನು ಕಣ್ಣಾರೆ ಕಂಡು ಬೆಳೆದ ಕೆಲಸ. ಪಕ್ಕದ ಗಜನಿಯವರು ವರ್ಷವಿಡೀ ಸಿಗಡಿಗೆಂದು ಉಪ್ಪುನೀರು ನಿಲ್ಲಿಸಿದಾಗ ನಮ್ಮ ಕಗ್ಗ ಸೊರಗಿತು. ಒಡ್ಡಿನ ಹೊರಮೈಯಲ್ಲಿ ಕಾಂಡ್ಲಾ ಇದ್ದ ಕಡೆ ಮಣ್ಣು ನಿಂತಿತು, ಇಲ್ಲದ ಕಡೆ ಕುಸಿಯಿತು. ಯೋಜನೆಯ ಕೆಲಸದಲ್ಲಿ ನಾನೇ ಅಳೆದ ಲವಣಾಂಶದ ಅಂಕಿಗಳು ಜುಲೈನಲ್ಲಿ ಸೊನ್ನೆಯ ಸಮೀಪವಿದ್ದು ಏಪ್ರಿಲ್‌ನಲ್ಲಿ ಸಾವಿರಕ್ಕೆ 30 ಭಾಗ ದಾಟಿದ್ದವು. ಇವಿಷ್ಟನ್ನು ಅರ್ಧ ಪುಟದಲ್ಲಿ ಹೇಳಿ, ಒಡ್ಡಿನ ಬಾಳಿಕೆಗೆ ಎಷ್ಟು ಅಗಲದ ಕಾಂಡ್ಲಾ ಪಟ್ಟಿ ಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಯಾವ ವಿದ್ಯೆ ಸಾಲದಾಗಿದೆ, ಅದು ಆ ಕೋರ್ಸಿನ ಯಾವ ವಿಷಯಗಳಲ್ಲಿ ಸಿಗುತ್ತದೆ ಎಂದು ಉಳಿದರ್ಧದಲ್ಲಿ ಬರೆದೆ. ಹನ್ನೊಂದು ಬಾರಿ ತಿದ್ದಿದೆ. ‘ಪ್ರೀತಿ’ ಎಂಬ ಪದ ಎಲ್ಲಿಯೂ ಉಳಿಯಲಿಲ್ಲ.

ಶಿಫಾರಸು ಪತ್ರಗಳ ವಿಷಯದಲ್ಲೂ ಮೊದಲ ಸಲ ತಪ್ಪು ನನ್ನದೇ. ಗುರುಗಳಿಗೆ ಗಡುವಿನ ಹತ್ತು ದಿನ ಮೊದಲು ಫೋನ್ ಮಾಡಿದ್ದೆ. ಅವರು ಕೊಟ್ಟದ್ದು ‘ಶಿಸ್ತಿನ ವಿದ್ಯಾರ್ಥಿ’ ಎಂಬ ನಾಲ್ಕು ಸಾಲು. ಎರಡನೆಯ ಸಲ ಅಕ್ಟೋಬರ್‌ನಲ್ಲೇ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ, ನನ್ನ ಪ್ರಬಂಧದ ಪ್ರತಿ, ಅಂಕಪಟ್ಟಿ, ಉದ್ದೇಶ ಪತ್ರದ ಕರಡು ಮತ್ತು ಕೋರ್ಸಿನ ವಿವರವನ್ನು ಒಂದು ಕಡತದಲ್ಲಿಟ್ಟು ಕೊಟ್ಟೆ. ಪತ್ರದಲ್ಲಿ ಏನು ಬರೆದರೆಂದು ನನಗೆ ಗೊತ್ತಿಲ್ಲ, ಏಕೆಂದರೆ ಅದು ನೇರವಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಅವರು ನಡುವೆ ಎರಡು ಸಲ ಫೋನ್ ಮಾಡಿ ನನ್ನ ಪ್ರಬಂಧದ ವಿವರಗಳನ್ನು ಕೇಳಿದ್ದರು.

ದಾಖಲೆಗಳಲ್ಲಿ ಹೆಚ್ಚು ಕಾಡಿದ್ದು ನನ್ನ ಹೆಸರೇ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರವಿತ್ತು, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಿತ್ತು, ಪಾಸ್‌ಪೋರ್ಟ್ ಅರ್ಜಿಯೋ ಉಪನಾಮವನ್ನು ಬೇರೆ ಚೌಕದಲ್ಲಿ ಕೇಳುತ್ತಿತ್ತು. ಈ ಮೂರೂ ಒಬ್ಬನದೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಎರಡು ಸಲ ಹೋಗಿಬಂದೆ. ಅಂಕಪಟ್ಟಿಗಳಿದ್ದರೂ ಟ್ರಾನ್ಸ್‌ಕ್ರಿಪ್ಟ್ ಬೇರೆಯಾಗಿಯೇ ಬೇಕು. ವಿಷಯವಾರು ಕ್ರೆಡಿಟ್‌ಗಳು ಮತ್ತು ಅಂಕ ಕೊಡುವ ಮಾನದಂಡ ಅದರಲ್ಲಿರಬೇಕು. ಮೂರು ಪ್ರತಿ ಕೇಳಿದ್ದೆ, ಐದು ಕೇಳಬೇಕಿತ್ತು.

ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಂಗಳೂರಿಗೆ ಹೋಗಿ ಬರೆದೆ. ಕೇಳುವ ಭಾಗದ ಧ್ವನಿಮುದ್ರಿಕೆ ಒಮ್ಮೆ ಮಾತ್ರ ಕೇಳಿಸುವುದರಿಂದ, ಮನೆಯ ಅಭ್ಯಾಸದಲ್ಲೂ ಹಿಂದಕ್ಕೆ ತಿರುಗಿಸದಿರುವುದನ್ನು ರೂಢಿಸಿಕೊಂಡಿದ್ದೆ. ಹಂಚಿನ ಮೇಲೆ ಮಳೆ ಸುರಿಯುವಾಗ ಅದು ಪರೀಕ್ಷೆಗಿಂತ ಕಠಿಣವಾಗಿತ್ತು. ಫಲಿತಾಂಶ ಎರಡು ವರ್ಷ ಊರ್ಜಿತವಿರುವುದರಿಂದ ಎರಡನೆಯ ಅರ್ಜಿಗೂ ಅದೇ ಸಾಕಾಯಿತು.

2024ರ ಜನವರಿಯಲ್ಲಿ, ಗಡುವಿಗೆ ಆರು ದಿನ ಉಳಿದಿರುವಾಗ, ಕುಮಟಾದ ಗೆಳೆಯನ ಅಂಗಡಿಯಲ್ಲಿ ಕುಳಿತು ಅರ್ಜಿ ಸಲ್ಲಿಸಿದೆ. ನಮ್ಮ ಮನೆಯ ನೆಟ್‌ವರ್ಕ್ ನಂಬುವಂಥದ್ದಲ್ಲ. ಅದೇ ತಿಂಗಳ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತೆಂಬ ಸುದ್ದಿ ಬಂತು. ಪತ್ರದಲ್ಲಿ ಅದನ್ನು ಸೇರಿಸಲಾಗಲಿಲ್ಲವಲ್ಲ ಎಂದು ಪೇಚಾಡಿಕೊಂಡೆ, ಸಂದರ್ಶನದಲ್ಲಿ ಹೇಳಲೆಂದು ನಾಲ್ಕು ವಾಕ್ಯ ಉರುಹೊಡೆದೂ ಇಟ್ಟುಕೊಂಡೆ. ಅವರು ಅದನ್ನು ಕೇಳಲೇ ಇಲ್ಲ. ಇಪ್ಪತ್ತು ನಿಮಿಷದ ಆನ್‌ಲೈನ್ ಸಂದರ್ಶನದಲ್ಲಿ ಹೆಚ್ಚು ಹೊತ್ತು ನಡೆದದ್ದು ತೂಬಿನ ಮಾತು: ಹಲಗೆ ಎತ್ತುವ ದಿನವನ್ನು ಯಾರು ನಿರ್ಧರಿಸುತ್ತಾರೆ, ಪಕ್ಕದವರು ಒಪ್ಪದಿದ್ದರೆ ಏನಾಗುತ್ತದೆ? ಮೊದಲ ಪ್ರಶ್ನೆಗೆ ತಿಥಿ ನೋಡಿ ಭರತ ಇಳಿತ ಲೆಕ್ಕ ಹಾಕುವ ಅಪ್ಪನ ಕ್ರಮವನ್ನು ವಿವರಿಸಿದೆ. ಎರಡನೆಯದಕ್ಕೆ, ನಮ್ಮಲ್ಲಿ ಅದಿನ್ನೂ ಬಗೆಹರಿದಿಲ್ಲ ಎಂದೆ. ಏಪ್ರಿಲ್‌ನಲ್ಲಿ ಬಂದ ಮಿಂಚಂಚೆಯಲ್ಲಿ ನನ್ನ ಹೆಸರು ಮುಖ್ಯ ಪಟ್ಟಿಯಲ್ಲಿತ್ತು, ಮೊದಲಕ್ಷರವಿಲ್ಲದೆ, ಪಾಸ್‌ಪೋರ್ಟಿನಲ್ಲಿದ್ದಂತೆಯೇ.