ಎಂಟಡಿ ಡಿಶ್ ನಿಲ್ಲಿಸಿದ ಅನುಭವ

ಉಪಗ್ರಹದಿಂದ ಟಿ.ವಿ. ಸಿಗ್ನಲ್ ಹಿಡಿಯುವ ಎಂಟಡಿ ಡಿಶ್ಶಿನ ಬಿಡಿಭಾಗಗಳು ಮನೆಗೆ ಬಂದ ದಿನ ನನ್ನ ಗಮನವೆಲ್ಲ ರಿಸೀವರ್ ಮೇಲಿತ್ತು. ಕಂಬ ಹೂಳುವುದು ಅರ್ಧ ದಿನದ ಕೆಲಸ, ಅದರಲ್ಲಿ ಯೋಚಿಸುವಂಥದ್ದೇನಿದೆ ಎಂದುಕೊಂಡಿದ್ದೆ. ಈಗ ಯಾರಾದರೂ ಕೇಳಿದರೆ ಮೊದಲು ಕಂಬದ ಮಾತನ್ನೇ ಆಡುತ್ತೇನೆ.

ಇಷ್ಟು ದೊಡ್ಡ ಡಿಶ್ ಏಕೆ ಬೇಕು? ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಸಿ-ಬ್ಯಾಂಡ್ ಎಂಬ ರೇಡಿಯೊ ತರಂಗಪಟ್ಟಿಯಲ್ಲಿ ಬರುವ ತರಂಗದ ಉದ್ದ ಸುಮಾರು ಏಳೂವರೆ ಸೆಂಟಿಮೀಟರ್; ನೆಲಕ್ಕೆ ಮುಟ್ಟುವಾಗ ಅದರ ಶಕ್ತಿ ತೀರಾ ಕ್ಷೀಣ. ಡಿಶ್ ಅಗಲವಾದಷ್ಟೂ ಹೆಚ್ಚು ಸಿಗ್ನಲ್ ಕೂಡಿಬರುತ್ತದೆ, ನೋಟವೂ ಕಿರಿದಾಗುತ್ತದೆ. ಎಂಟಡಿ ಡಿಶ್ಶಿನ ನೋಟ ಸುಮಾರು ಎರಡು ಡಿಗ್ರಿ. ಹಾಗಾಗಿ ಪಕ್ಕದ ಉಪಗ್ರಹದ ಗದ್ದಲ ಒಳಗೆ ನುಗ್ಗುವುದಿಲ್ಲ. ಸಣ್ಣ ಡಿಶ್‌ಗಳು ಕೈಕೊಡುವಂಥ ಜಡಿಮಳೆಯಲ್ಲೂ ಸಿ-ಬ್ಯಾಂಡ್ ಚಿತ್ರ ಸಾಮಾನ್ಯವಾಗಿ ಕದಲುವುದಿಲ್ಲ. ನಾನು ಇದಕ್ಕೆ ಮನಸೋತದ್ದೇ ಆ ಕಾರಣಕ್ಕೆ.

ಆದರೆ ಆ ಎರಡು ಡಿಗ್ರಿಯ ನೋಟ ತಪ್ಪನ್ನು ಸಹಿಸುವುದಿಲ್ಲ. ಮೋಟಾರಿನಿಂದ ತಿರುಗುವ ಡಿಶ್ ನನ್ನದು. ನಡುವಿನ ಉಪಗ್ರಹ ಚೆನ್ನಾಗಿ ಸಿಕ್ಕಿತು. ಪೂರ್ವಕ್ಕೆ ತಿರುಗಿಸಿದರೆ ಏನೂ ಇಲ್ಲ, ಪಶ್ಚಿಮಕ್ಕೆ ತಿರುಗಿಸಿದರೂ ಇಲ್ಲ. ರಿಸೀವರ್ ಬದಲಿಸಿದೆ, ಕೇಬಲ್ ಬದಲಿಸಿದೆ. ನಾಲ್ಕನೆಯ ದಿನ ಕಂಬಕ್ಕೆ ರಸಮಟ್ಟ ಹಿಡಿದು ನೋಡಿದರೆ, ಒಂದು ಮಗ್ಗುಲಲ್ಲಿ ಗುಳ್ಳೆ ನಟ್ಟನಡುವೆ ನಿಂತಿತ್ತು. ಕಾಲು ಸುತ್ತು ಬಂದು ಇನ್ನೊಂದು ಮಗ್ಗುಲಲ್ಲಿ ಹಿಡಿದಾಗ ಅಂಚಿಗೆ ಜಾರಿಹೋಯಿತು. ಕಾಂಕ್ರೀಟ್ ಹಾಕುವಾಗ ಒಂದೇ ಮಗ್ಗುಲಲ್ಲಿ ಪರೀಕ್ಷಿಸಿದ್ದೆ. ಕಂಬ ವಾಲಿದ್ದರೆ ಡಿಶ್ ತಿರುಗುವ ಕಮಾನೂ ವಾಲುತ್ತದೆ, ಆಕಾಶದಲ್ಲಿ ಉಪಗ್ರಹಗಳು ಸಾಲಾಗಿರುವ ಕಮಾನಿಗೆ ಅದು ಹೊಂದುವುದೇ ಇಲ್ಲ. ಪಾಯ ಒಡೆದು ಮತ್ತೆ ಹೂಳಿದೆ, ಈ ಬಾರಿ ಇನ್ನೂ ಆಳಕ್ಕೆ. ನಾಲ್ಕೂವರೆ ಚದರ ಮೀಟರಿನ ಈ ಬೋಗುಣಿಯನ್ನು ಗಾಳಿ ಹಾಯಿಯಂತೆ ತಳ್ಳುತ್ತದೆ. ಆ ತಳ್ಳಾಟಕ್ಕೆಲ್ಲ ಎದೆಗೊಡಬೇಕಾದದ್ದು ಕಂಬವೇ.

ಕಂಬ ನೇರವಾದ ಮೇಲೂ ಸಿಗ್ನಲ್ಲಿನ ಗುಣಮಟ್ಟ ಏರಲಿಲ್ಲ. ಇಲ್ಲೊಂದು ಮಾತು: ರಿಸೀವರ್ ತೋರಿಸುವ ಎರಡು ಪಟ್ಟಿಗಳಲ್ಲಿ ತೀವ್ರತೆಯ ಪಟ್ಟಿಯನ್ನು ನಂಬಬೇಡಿ. ಡಿಶ್ಶಿನ ಎದುರು ಕೂತು ಸಿಗ್ನಲ್ ಹಿಡಿಯುವ ಸಾಧನವಾದ ಎಲ್‌ಎನ್‌ಬಿಗೆ ವಿದ್ಯುತ್ ಸಿಕ್ಕರೆ ಸಾಕು, ಬರೀ ಗದ್ದಲಕ್ಕೂ ಅದು ಏರುತ್ತದೆ. ನೋಡಬೇಕಾದದ್ದು ಗುಣಮಟ್ಟದ ಪಟ್ಟಿ.

ಡಿಶ್ಶಿನ ಅಂಚಿನಿಂದ ಅಂಚಿಗೆ ಎರಡು ನೂಲುಗಳನ್ನು ಅಡ್ಡಡ್ಡ ಬಿಗಿದು ಕಟ್ಟಿದೆ. ಬೋಗುಣಿ ಸರಿಯಿದ್ದರೆ ಅವು ನಡುವೆ ಒಂದನ್ನೊಂದು ಸವರಬೇಕು. ನನ್ನದರಲ್ಲಿ ನಡುವೆ ಬೆರಳು ತೂರುವಷ್ಟು ಸಂದಿ! ಹಲಗೆಗಳ ಬೋಲ್ಟ್‌ಗಳನ್ನು ಒಂದೇ ಬದಿಯಿಂದ ಪೂರ್ತಿ ಬಿಗಿಯುತ್ತಾ ಹೋಗಿದ್ದರಿಂದ ಇಡೀ ಡಿಶ್ ತಿರುಚಿಕೊಂಡಿತ್ತು. ಎಲ್ಲವನ್ನೂ ಸಡಿಲಿಸಿ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿದಾಗ ನೂಲುಗಳು ಕೂಡಿದವು.

ಆಮೇಲೆ ಸಂಗಮಬಿಂದುವಿನ, ಎಂದರೆ ಬೋಗುಣಿಗೆ ಬಡಿದ ತರಂಗಗಳೆಲ್ಲ ಬಂದು ಕೂಡುವ ಜಾಗದ ಲೆಕ್ಕ. ಅಗಲದ ವರ್ಗವನ್ನು ಆಳದ ಹದಿನಾರು ಪಟ್ಟಿನಿಂದ ಭಾಗಿಸಬೇಕು. ಎಂಟಡಿ ಎಂದು ಕರೆದರೂ ನನ್ನ ಡಿಶ್ಶಿನ ಅಗಲ 240 ಸೆಂ.ಮೀ., ಆಳ 40. ಎಂದರೆ 57,600 ಭಾಗಿಸು 640, ಸರಿಯಾಗಿ 90 ಸೆಂ.ಮೀ. ನಾನು ಎಲ್‌ಎನ್‌ಬಿ ಕೂರಿಸಿದ್ದು 87ರಲ್ಲಿ. ಎಲ್‌ಎನ್‌ಬಿಯ ಮುಂದಿರುವ ಕೊಳವೆ, ಫೀಡ್‌ಹಾರ್ನ್, ಅದರ ಬಾಯಿಯಿಂದ ಅರ್ಧ ಸೆಂಟಿಮೀಟರಿನಷ್ಟು ಒಳಗೆ ಸಂಗಮಬಿಂದು ಬೀಳುವಂತೆ ಸರಿಸಿದೆ. ಎಲ್‌ಎನ್‌ಬಿಯನ್ನು ಇದ್ದಲ್ಲೇ ಕೂದಲೆಳೆಯಷ್ಟು ಹೊರಳಿಸುತ್ತಾ ಅಡ್ಡ, ಉದ್ದ ಧ್ರುವೀಕರಣಗಳು (ತರಂಗ ಕಂಪಿಸುವ ಎರಡು ದಿಕ್ಕುಗಳು) ಬೇರ್ಪಡುವ ಕೋನ ಹುಡುಕಿದೆ. ಗುಣಮಟ್ಟ 38ರಿಂದ 64ಕ್ಕೆ ಏರಿತು. ಕೇಬಲ್ ಕನೆಕ್ಟರುಗಳಿಗೆ ನೀರು ಹೋಗದಂತೆ ಟೇಪು ಸುತ್ತಿದೆ. ಡಿಶ್ಶಿಗೆ ಬಣ್ಣ ಬಳಿಯುವುದಾದರೆ ಹೊಳಪಿಲ್ಲದ್ದನ್ನೇ ಬಳಿಯಿರಿ, ಹೊಳಪಿನ ಬಣ್ಣ ಬಿಸಿಲನ್ನು ಒಟ್ಟುಗೂಡಿಸಿ ಎಲ್‌ಎನ್‌ಬಿಯ ಮುಚ್ಚಳವನ್ನು ಕರಗಿಸುತ್ತದೆ.

ಕೊನೆಯ ದೋಷವನ್ನು ಸೂರ್ಯನೇ ತೋರಿಸಿಕೊಟ್ಟ. ಹಗಲು ಇರುಳು ಸಮನಾಗುವ ಮಾರ್ಚ್, ಸೆಪ್ಟೆಂಬರ್ ತಿಂಗಳುಗಳ ಆಸುಪಾಸಿನಲ್ಲಿ ಕೆಲವು ದಿನ ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ಅವನ ಗದ್ದಲದಲ್ಲಿ ಸಿಗ್ನಲ್ ಮುಳುಗಿ, ಕೆಲವು ನಿಮಿಷ ಚಿತ್ರ ಒಡೆಯುತ್ತದೆ. ಆಗ ಡಿಶ್ ಬಳಿಗೆ ಓಡಿದೆ. ಎಲ್‌ಎನ್‌ಬಿಯ ನೆರಳು ಬೋಗುಣಿಯ ನಟ್ಟನಡುವೆ ಬೀಳಬೇಕಿತ್ತು, ಆದರೆ ಎರಡು ಬೆರಳಿನಷ್ಟು ಎಡಕ್ಕೆ ಬಿದ್ದಿತ್ತು. ಅಂಚಿನಿಂದ ಫೀಡ್‌ಹಾರ್ನ್‌ವರೆಗೆ ಮೂರು ಕಡೆಯಿಂದ ಅಳೆದೆ. ಎಡಗಡೆಯ ಅಳತೆ ಮಿಕ್ಕೆರಡಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆ. ಆಧಾರದ ಸರಳನ್ನು ಸರಿಪಡಿಸಿ ಡಿಶ್ಶಿನ ದಿಕ್ಕನ್ನು ಹೊಸದಾಗಿ ಹೊಂದಿಸಿದೆ. ಮರುದಿನ ಅದೇ ಹೊತ್ತಿಗೆ ಹೋಗಿ ನಿಂತಾಗ ನೆರಳು ನಡುವಿನ ಬೋಲ್ಟನ್ನು ಮುಚ್ಚಿತ್ತು. ಸೂರ್ಯ ಸರಿದ ಮೇಲೆ ಒಳಗೆ ಬಂದು ನೋಡಿದೆ: 71.