ಕಾಶ್ಮೀರ್ ಗ್ರೇಟ್ ಲೇಕ್ಸ್ ಟ್ರೆಕ್: ಹೊರಡುವ ಮುಂಚೆ ಇಷ್ಟು ಗೊತ್ತಿರಲಿ

ಈ ಟ್ರೆಕ್ಕಿನ ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು ಕೆರೆಗಳ ಬಗ್ಗೆ. ಯಾವುದು ಚೆಂದ, ಟೆಂಟ್ ಎಲ್ಲಿ ಹಾಕುತ್ತಾರೆ, ನೀರು ನಿಜಕ್ಕೂ ಅಷ್ಟು ನೀಲಿಯಾ ಅಂತ. ನೀಲಿಯೇ, ಅನುಮಾನ ಬೇಡ. ಆದರೆ ಪ್ಲಾನ್ ಮಾಡುವಾಗ ನೋಡಬೇಕಾದದ್ದು ಪಾಸ್‌ಗಳನ್ನು, ಅಂದರೆ ಬೆಟ್ಟಸಾಲು ದಾಟುವ ಎತ್ತರದ ದಾರಿಗಳನ್ನು. ಒಂದು ಕಾಲದಲ್ಲಿ ಇಲ್ಲಿದ್ದ ಹಿಮನದಿಗಳು ಬೆಟ್ಟವನ್ನು ಕೊರೆದು ಬೋಗುಣಿ ಮಾಡಿ ಹೋಗಿವೆ, ಕೆರೆಗಳು ನಿಂತಿರುವುದು ಅದರಲ್ಲೇ. ಒಂದು ಬೋಗುಣಿಯಿಂದ ಇನ್ನೊಂದಕ್ಕೆ ಹೋಗಬೇಕು ಅಂದರೆ ನಡುವಿನ ಬೆಟ್ಟ ಹತ್ತಿ ಇಳಿಯಲೇಬೇಕು. ಅಂಥ ಪಾಸ್‌ಗಳು ಮೂರು: ನಿಚ್ನಾಯಿ, ಗಡ್ಸರ್, ಜಾಜ್. ಮೂರೂ 4,000 ಮೀಟರ್ ಆಸುಪಾಸಿನವು. ಗಡ್ಸರ್ ಎಲ್ಲಕ್ಕಿಂತ ಎತ್ತರ, ಸುಮಾರು 4,200 ಮೀಟರ್. ಈ ಮೂರು ದಿನ ಸರಿಯಾಗಿ ನಡೆದರೆ ಮಿಕ್ಕಿದ್ದೆಲ್ಲ ಸಲೀಸು.

ದಾರಿ ಶುರುವಾಗುವುದು ಶ್ರೀನಗರದಿಂದ ಸುಮಾರು 80 ಕಿ.ಮೀ. ದೂರದ ಸೋನಾಮಾರ್ಗ್ ಹತ್ತಿರ, ಶಿಟ್ಕಡಿ ಅನ್ನುವಲ್ಲಿ. ಮುಗಿಯುವುದು ನಾರಾನಾಗ್‌ನಲ್ಲಿ. ಒಟ್ಟು 70 ಕಿ.ಮೀ.ಗೂ ಜಾಸ್ತಿ ನಡಿಗೆ, ಒಂದು ವಾರ ಬೇಕು. ಜುಲೈಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಸೀಸನ್. ಜುಲೈ ಮೊದಲಲ್ಲಿ ಪಾಸ್‌ಗಳ ಹತ್ತಿರ ಇನ್ನೂ ಹಿಮ ಉಳಿದಿರುತ್ತದೆ, ಹೂವುಗಳು ಜುಲೈ ಕೊನೆಯಿಂದ ಆಗಸ್ಟ್‌ನಲ್ಲಿ ಜಾಸ್ತಿ, ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿಯಾಗಿ ರಾತ್ರಿ ಚಳಿ ಕೊರೆಯುತ್ತದೆ. ನನ್ನನ್ನು ಕೇಳಿದರೆ ಆಗಸ್ಟ್ ಕೊನೆ ವಾರ ಅಂತೀನಿ. ಮಳೆ ಒಂದೆರಡು ದಿನ ಬಂದೇ ಬರುತ್ತದೆ, ಅದಕ್ಕೆ ತಯಾರಾಗಿಯೇ ಹೋಗಿ.

ವಿಮಾನದ ಟಿಕೆಟ್ ತೆಗೆಯುವ ಮುಂಚೆ ಒಂದು ಕೆಲಸ. ದಾರಿ ಆ ವರ್ಷ ತೆರೆದಿದೆಯಾ ಅಂತ ಖಚಿತ ಮಾಡಿಕೊಳ್ಳಿ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಕಾಶ್ಮೀರದ ಹಲವು ಪ್ರವಾಸಿ ಜಾಗಗಳನ್ನು ಸರ್ಕಾರ ಮುಚ್ಚಿತ್ತು. ಈ ದಾರಿಯೂ ನಿಯಂತ್ರಣ ರೇಖೆಗೆ ತೀರಾ ದೂರ ಏನಿಲ್ಲ, ನಡುವೆ ಸೇನೆಯ ಚೆಕ್‌ಪೋಸ್ಟ್‌ಗಳಿವೆ. ಆಧಾರ್ ಅಥವಾ ಬೇರೆ ಗುರುತಿನ ಚೀಟಿಯ ಮೂಲ ಪ್ರತಿಯೇ ಕೈಯಲ್ಲಿರಲಿ, ಮೊಬೈಲಿನ ಫೋಟೋ ನಂಬಿಕೊಂಡು ಹೋಗಬೇಡಿ. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬ್ಯಾಗಿನ ಮೇಲಿನ ಜೇಬಲ್ಲಿ ಇಟ್ಟುಕೊಂಡರೆ ಮಳೆಯಲ್ಲಿ ಇಡೀ ಬ್ಯಾಗ್ ಬಿಚ್ಚುವ ಪಾಡು ತಪ್ಪುತ್ತದೆ. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಇನ್ನು ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಸೋನಾಮಾರ್ಗ್ ದಾಟಿದ ಮೇಲೆ ಇದ್ದೂ ಇಲ್ಲದ ಹಾಗೆ. ಮನೆಯವರಿಗೆ ಮೊದಲೇ ಹೇಳಿಬಿಡಿ, ಒಂದು ವಾರ ಫೋನ್ ಸಿಗುವುದಿಲ್ಲ, ಗಾಬರಿ ಬೇಡ ಅಂತ.

ತಯಾರಿ ವಿಷಯಕ್ಕೆ ಬರೋಣ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಾಗಾಗಿ ಎತ್ತರದ ತೆಳು ಗಾಳಿಗೆ ಇಲ್ಲಿಂದಲೇ ಮೈ ಒಗ್ಗಿಸಿಕೊಂಡು ಹೋಗುತ್ತೇನೆ ಅನ್ನುವುದು ಆಗದ ಮಾತು. ಕಾಲನ್ನು ಮಾತ್ರ ಚೆನ್ನಾಗಿ ತಯಾರು ಮಾಡಬಹುದು. ಎರಡು ತಿಂಗಳು ಮುಂಚೆಯೇ ಶುರು ಮಾಡಿ. ವಾರದಲ್ಲಿ ನಾಲ್ಕು ದಿನ ಓಟ ಅಥವಾ ಬಿರುಸು ನಡಿಗೆ, ಅಪಾರ್ಟ್‌ಮೆಂಟಲ್ಲಿ ಇದ್ದರೆ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವಾಗ ಲಿಫ್ಟ್ ಬೇಡ. ಎಲ್ಲರೂ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ, ಆದರೆ ಈ ದಾರಿಯಲ್ಲಿ ಮಂಡಿ ಸೋಲುವುದು ಇಳಿಜಾರಿನಲ್ಲಿ. ಅದಕ್ಕೆ ನಮ್ಮ ಕುಮಾರ ಪರ್ವತಕ್ಕಿಂತ ಒಳ್ಳೆ ಮೈದಾನ ಇಲ್ಲ. ತುದಿ 1,712 ಮೀಟರ್, ಅಲ್ಲಿಂದ ಕುಕ್ಕೆಗೆ ಇಳಿಯುವಷ್ಟರಲ್ಲಿ ತೊಡೆ ನಡುಗುತ್ತದೆ ಅಲ್ವಾ? ಕಾಶ್ಮೀರದ ಕೊನೆ ದಿನ ಹೆಚ್ಚುಕಮ್ಮಿ ಅಷ್ಟೇ ಇಳಿಯಬೇಕು. ಅರಣ್ಯ ಇಲಾಖೆಯ ಅನುಮತಿ ಪಡೆದು ಹೊರಡುವ ಮುಂಚಿನ ತಿಂಗಳು ಒಮ್ಮೆ ಹೋಗಿ ಬನ್ನಿ. ಕಾಶ್ಮೀರಕ್ಕೆ ಒಯ್ಯುವ ಶೂನಲ್ಲೇ ಹೋಗಿ.

ಶೂ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಪಾದದ ಗಂಟು ಮುಚ್ಚುವಂಥದ್ದು, ಅಡಿಯಲ್ಲಿ ಹಿಡಿತ ಇರುವಂಥದ್ದು ಬೇಕು. ದಪ್ಪ ಸಾಕ್ಸ್ ಹಾಕಿಕೊಂಡೇ ಅಂಗಡಿಯಲ್ಲಿ ನೋಡಿ, ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ. ಇಳಿಯುವ ದಿನ ಲೇಸನ್ನು ಮತ್ತೆ ಕಟ್ಟಿಕೊಳ್ಳಬೇಕು. ಹಿಮ್ಮಡಿಯನ್ನು ಶೂನ ಹಿಂಬದಿಗೆ ಒತ್ತಿ ಕೂರಿಸಿ, ಬೆರಳ ಹತ್ತಿರ ಸಡಿಲವಾಗಿ, ಗಂಟಿನ ಹತ್ತಿರ ಬಿಗಿಯಾಗಿ ಕಟ್ಟಿ. ಹಾಗೆ ಮಾಡದಿದ್ದರೆ ಪಾದ ಮುಂದಕ್ಕೆ ಜಾರಿ ಜಾರಿ ಹೆಬ್ಬೆರಳಿನ ಉಗುರು ಶೂ ತುದಿಗೆ ಬಡಿಯುತ್ತದೆ, ಸಂಜೆಗೆ ಉಗುರು ಕಪ್ಪಾಗಿರುತ್ತದೆ. ಉಗುರನ್ನು ಹೊರಡುವ ಮುಂಚೆಯೇ ಚಿಕ್ಕದಾಗಿ ಕತ್ತರಿಸಿಕೊಳ್ಳಿ.

ಬಟ್ಟೆಯಲ್ಲಿ ಜೀನ್ಸ್, ಕಾಟನ್ ಬೇಡ. ಒದ್ದೆಯಾದರೆ ಒಣಗುವುದೇ ಇಲ್ಲ, ಮೈಯ ಶಾಖ ಎಲ್ಲ ಹೀರುತ್ತದೆ. ಬೇಗ ಒಣಗುವ ಟೀ ಶರ್ಟ್, ಫ್ಲೀಸ್, ಒಂದು ದಪ್ಪ ಜರ್ಕಿನ್, ಥರ್ಮಲ್, ಬ್ಯಾಗ್ ಸಮೇತ ಮುಚ್ಚುವ ಪೋಂಚೋ ಇರಲಿ. ಮಲಗುವಾಗ ಹಾಕುವ ಒಂದು ಜೊತೆ ಬಟ್ಟೆ ಮತ್ತು ಸಾಕ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಏನೇ ಆದರೂ ಹಗಲು ಮುಟ್ಟಬೇಡಿ. ತಲೆಗೆ ಕಟ್ಟುವ ಟಾರ್ಚ್, ಎರಡು ಟ್ರೆಕ್ಕಿಂಗ್ ಪೋಲ್, ಸನ್‌ಸ್ಕ್ರೀನ್, ಕರಿ ಕನ್ನಡಕ ಮರೆಯಬೇಡಿ. ಎತ್ತರದಲ್ಲಿ ಹಸಿವು ಸತ್ತುಹೋಗುತ್ತದೆ, ಕ್ಯಾಂಪಿನ ದಾಲ್ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯ ಚಟ್ನಿಪುಡಿ, ನಿಂಬೆ ಉಪ್ಪಿನಕಾಯಿ ಒಯ್ದರೆ ಎರಡು ತುತ್ತು ಜಾಸ್ತಿ ಸೇರುತ್ತದೆ. ದಾರಿಗೆ ಶೇಂಗಾ ಚಿಕ್ಕಿ.

ಮೊದಲ ದಿನ ಶಿಟ್ಕಡಿಯಿಂದ ಹತ್ತುವ ದಾರಿ. ಹುಲ್ಲಿನ ಬಯಲು, ಭೂರ್ಜ ಮರಗಳ ಕಾಡು, ಆಮೇಲೆ ತೊರೆಯ ಪಕ್ಕದ ಕಣಿವೆ. ಉತ್ಸಾಹದಲ್ಲಿ ಓಡಬೇಡಿ. ಪಕ್ಕದವರ ಜೊತೆ ಮಾತಾಡುತ್ತಾ ನಡೆಯಲು ಆಗುತ್ತಿದೆ ಅಂದರೆ ವೇಗ ಸರಿಯಾಗಿದೆ ಅಂತ ಅರ್ಥ. ಎರಡನೇ ದಿನ ನಿಚ್ನಾಯಿ ಪಾಸ್ ದಾಟಿ ವಿಶನ್‌ಸರ್ ಕೆರೆ, ಸುಮಾರು 3,700 ಮೀಟರ್. ಇಲ್ಲಿ ಒಂದು ದಿನ ನಿಲ್ಲಲೇಬೇಕು, ಯಾರಾದರೂ ಆ ದಿನ ಉಳಿಸುತ್ತೇವೆ ಅಂದರೆ ಆ ಪ್ಯಾಕೇಜ್ ಬಿಟ್ಟುಬಿಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು ಅನ್ನುವುದು ವೈದ್ಯರ ಸಾಮಾನ್ಯ ನಿಯಮ, ಇಲ್ಲಿ ಅದು ಸುಲಭವಾಗಿ ಮೀರುತ್ತದೆ. ನಿಂತ ದಿನ ಸುಮ್ನೆ ಮಲಗಬೇಡಿ. ಸ್ವಲ್ಪ ಮೇಲಿರುವ ಕಿಶನ್‌ಸರ್ ಕೆರೆವರೆಗೆ ನಿಧಾನವಾಗಿ ಹತ್ತಿ, ಕೂತು, ಇಳಿದು ಬನ್ನಿ. ಎತ್ತರಕ್ಕೆ ಹೋಗಿ ತಗ್ಗಿನಲ್ಲಿ ಮಲಗಿದರೆ ಮೈ ಬೇಗ ಒಗ್ಗುತ್ತದೆ.

ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇದ್ದರೆ ಅದು ಎತ್ತರದ ಕಾಯಿಲೆ ಅಂತಲೇ ತಿಳಿಯಿರಿ. ಮುಚ್ಚಿಡಬೇಡಿ, ಕೂಡಲೇ ಲೀಡರ್‌ಗೆ ಹೇಳಿ. ಅಂಥವರು ಇನ್ನೂ ಮೇಲೆ ಹತ್ತಬಾರದು. ಸುಮ್ನೆ ಕೂತಿದ್ದಾಗಲೂ ಏದುಸಿರು, ನಿಲ್ಲದ ಕೆಮ್ಮು ಬಂದರೆ, ಅಥವಾ ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದೆ ತೂರಾಡಿದರೆ ಪ್ರಾಣಕ್ಕೇ ಅಪಾಯ. ರಾತ್ರಿಯಾಗಲಿ ಮಳೆಯಾಗಲಿ ಕೆಳಗಿಳಿಸಬೇಕು. ಇದರಲ್ಲೊಂದು ತೊಡಕಿದೆ. ಗಡ್ಸರ್ ಪಾಸ್ ದಾಟಿದ ಮೇಲೆ ಕೆಳಗಿಳಿಯುವ ಹತ್ತಿರದ ದಾರಿ ಇಲ್ಲ, ಹಿಂದೆ ಮುಂದೆ ಎರಡೂ ಕಡೆ ಪಾಸ್. ಹಾಗಾಗಿ ಮುಂದೆ ಹೋಗುವುದೋ ವಾಪಸ್ ಹೊರಡುವುದೋ ಅನ್ನುವುದನ್ನು ವಿಶನ್‌ಸರ್‌ನಲ್ಲೇ ತೀರ್ಮಾನಿಸಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ, ಸಲ್ಫಾ ಔಷಧಿ ಅಲರ್ಜಿ ಇದ್ದರೆ ಮರೆಯದೆ ಹೇಳಿ.

ಗಡ್ಸರ್ ಪಾಸ್ ದಿನ ಬೆಳಕು ಹರಿಯುತ್ತಿದ್ದ ಹಾಗೆ ಹೊರಡಿ. ಮಧ್ಯಾಹ್ನದ ಮೇಲೆ ಮೋಡ ಕವಿಯುವುದು ಜಾಸ್ತಿ, ಗುಡುಗು ಸಿಡಿಲಿನಲ್ಲಿ ಬೋಳು ಬೆಟ್ಟದ ತುದಿಯಲ್ಲಿ ಇರಬಾರದು. ಹತ್ತುವಾಗ ಅರ್ಧ ದಾರಿಯಲ್ಲಿ ತಿರುಗಿ ನೋಡಿ. ವಿಶನ್‌ಸರ್, ಕಿಶನ್‌ಸರ್ ಎರಡೂ ಒಟ್ಟಿಗೆ, ಒಂದರ ಮೇಲೊಂದು ಕಾಣುತ್ತವೆ, ಮೇಲಿನದರ ನೀರು ಕೆಳಗಿನದಕ್ಕೆ ಇಳಿಯುವ ಗೆರೆ ಕೂಡ. ಮುಂದೆ ಅದೇ ನೀರು ಕಿಶನ್‌ಗಂಗಾ ನದಿಯಾಗುತ್ತದೆ. ಇಡೀ ಟ್ರೆಕ್ಕಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಆಚೆ ಕಡೆಯ ಇಳಿಜಾರು ಕಡಿದು, ಮಣ್ಣು ಸಡಿಲ. ಪೋಲನ್ನು ಸ್ವಲ್ಪ ಉದ್ದ ಮಾಡಿಕೊಂಡು, ಮಂಡಿ ತುಸು ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಡಿ.

ತೊರೆ ದಾಟುವುದನ್ನು ಆದಷ್ಟು ಬೆಳಿಗ್ಗೆಯೇ ಮುಗಿಸಿ, ಬಿಸಿಲೇರಿದ ಹಾಗೆ ಹಿಮ ಕರಗಿ ನೀರು ಏರುತ್ತದೆ. ಬರಿಗಾಲಲ್ಲಿ ಇಳಿಯಬೇಡಿ, ಸ್ಯಾಂಡಲ್ ಹಾಕಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಡಿ, ಜಾರಿದರೆ ಬ್ಯಾಗ್ ಬಿಸಾಡಿ ಏಳುವ ಹಾಗಿರಬೇಕು.

ಕೆರೆಗೆ ಸೋಪು, ಶಾಂಪೂ ಇಳಿಸಬೇಡಿ. ಬೇಸಿಗೆಯಲ್ಲಿ ಕುರಿ, ಮೇಕೆ, ಕುದುರೆ ಹೊಡೆದುಕೊಂಡು ಬರುವ ಗುಜ್ಜರ್ ಮತ್ತು ಬಕರ್‌ವಾಲ್ ಕುಟುಂಬಗಳು ಇದೇ ನೀರನ್ನು ಕುಡಿಯುತ್ತವೆ, ನಾವೂ ಇದನ್ನೇ ಕಾಯಿಸಿ ಕುಡಿಯುವುದು. ಶೌಚಕ್ಕೆ ನೀರಿನಿಂದ 60 ಮೀಟರ್ ಆದರೂ ದೂರ ಹೋಗಿ. ಅವರ ಡೇರೆಗಳ ಹತ್ತಿರ ಹೋಗುವಾಗ ದೂರದಿಂದಲೇ ಕೂಗಿ ಕರೆಯಿರಿ, ಮಂದೆ ಕಾಯುವ ನಾಯಿಗಳು ಭಾರಿ ಗಾತ್ರದವು, ಅಪರಿಚಿತರನ್ನು ಸುಮ್ನೆ ಬಿಡುವುದಿಲ್ಲ. ಕೇಳದೆ ಹೆಂಗಸರ, ಮಕ್ಕಳ ಫೋಟೋ ತೆಗೆಯಬೇಡಿ.

ಗಡ್ಸರ್ ಕೆರೆಯಿಂದ ಸತ್‌ಸರ್ ಕೆರೆಗಳ ಕಡೆಗೆ ಹೋಗುವ ದಿನ ಹಗುರ. ಅಲ್ಲಿಂದ ಜಾಜ್ ಪಾಸ್ ಕಡೆಗೆ ಹೊರಟಾಗ ದೊಡ್ಡ ದೊಡ್ಡ ಬಂಡೆಗಳ ರಾಶಿ ದಾಟಬೇಕು, ಮಳೆ ಬಿದ್ದಿದ್ದರೆ ಅದೇ ನಿಜವಾದ ಪರೀಕ್ಷೆ. ಪೋಲ್ ಮಡಚಿ ಬ್ಯಾಗಿಗೆ ಸಿಕ್ಕಿಸಿ, ಎರಡೂ ಕೈ ಬಳಸಿ, ಕಲ್ಲು ಅಲ್ಲಾಡುತ್ತದಾ ಅಂತ ನೋಡಿ ಆಮೇಲೆ ಭಾರ ಹಾಕಿ. ಪಾಸ್ ಮೇಲಿಂದ 5,142 ಮೀಟರ್ ಎತ್ತರದ ಹರಮುಖ್ ಶಿಖರ, ಅದರ ಬುಡದಲ್ಲಿ ಗಂಗಾಬಲ್, ನುಂದ್‌ಕೋಲ್ ಕೆರೆಗಳು ಕಾಣುತ್ತವೆ. ಗಂಗಾಬಲ್ ಕಾಶ್ಮೀರಿ ಪಂಡಿತರಿಗೆ ತೀರ್ಥ, ಅಲ್ಲಿ ಗೌರವದಿಂದ ಇರಿ.

ಕೊನೆ ದಿನ ನಾರಾನಾಗ್‌ಗೆ 1,200 ಮೀಟರ್‌ಗೂ ಜಾಸ್ತಿ ಇಳಿಜಾರು, ಪೈನ್ ಕಾಡಿನ ನಡುವೆ. ಕೆಳಗೆ ಮುಟ್ಟಿದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಹಳೇ ಕಲ್ಲಿನ ದೇಗುಲಗಳನ್ನು ನೋಡದೆ ಜೀಪ್ ಹತ್ತಬೇಡಿ. ಅಲ್ಲಿಂದ ಶ್ರೀನಗರಕ್ಕೆ ಎರಡು ಮೂರು ಗಂಟೆ ದಾರಿ. ಬೆಂಗಳೂರಿನ ವಿಮಾನವನ್ನು ಆ ದಿನವಾಗಲಿ ಮರುದಿನವಾಗಲಿ ಇಟ್ಟುಕೊಳ್ಳಬೇಡಿ, ಅದರ ನಂತರದ ದಿನಕ್ಕೆ ಬುಕ್ ಮಾಡಿ. ಮಳೆಯಿಂದ ಒಂದು ಪಾಸ್ ಒಂದು ದಿನ ತಡವಾದರೂ ಆಗ ಯಾರೂ ನಿಮ್ಮನ್ನು ಅವಸರಪಡಿಸಿ ಹತ್ತಿಸಬೇಕಾಗುವುದಿಲ್ಲ.