‘ವಾಚ್’ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಸ್ಪೋಕನ್ ಇಂಗ್ಲಿಷ್ ಕಲೀತಿರೋ ದಾವಣಗೆರೆ, ದುರ್ಗದ ಗೆಳೆಯರಿಗೆ: ನಮ್ಮ ‘ನೋಡು’ ಬಂದಲ್ಲೆಲ್ಲ ‘ವಾಚ್’ ತುರುಕಬೇಡಿ. ಚಲಿಸೋದನ್ನ, ಬದಲಾಗೋದನ್ನ ಸ್ವಲ್ಪ ಹೊತ್ತು ಗಮನವಿಟ್ಟು ನೋಡಿದರೆ ವಾಚ್. ಕಾವಲಿ ಮೇಲೆ ಬೆಣ್ಣೆ ದೋಸೆ ಕೆಂಪಗಾಗೋದನ್ನ ವಾಚ್ ಮಾಡ್ತೀವಿ. ಗೋಡೆಯ ರೇಟ್ ಬೋರ್ಡಿಗೆ ‘ಲುಕ್ ಅಟ್’ ಸಾಕು. ‘ವಾಚಿಂಗ್ ಅಟ್ ಟಿವಿ’ ತಪ್ಪು, ‘ಅಟ್’ ಬೇಡವೇ ಬೇಡ.

ಜಾಸ್ತಿ ಜನ ಎಡವೋದು ‘ವಾಚ್’ ಆದಮೇಲೆ ಬರೋ ಕ್ರಿಯಾಪದದಲ್ಲಿ. ‘ಐ ವಾಚ್ಡ್ ಹಿಮ್ ಟು ಕ್ಲೈಂಬ್’ ಅಲ್ಲ, ‘ಟು’ ಕಿತ್ತುಹಾಕಿ. ‘ವಾಚ್ಡ್ ಹಿಮ್ ಕ್ಲೈಂಬ್ ದ ವಾಲ್’ ಅಂದ್ರೆ ಕೋಟೆ ಗೋಡೆ ಹತ್ತಿ ಮುಗಿಸೋವರೆಗೂ ನೋಡಿದೆ. ‘ಕ್ಲೈಂಬಿಂಗ್’ ಅಂದ್ರೆ ಹತ್ತುತ್ತಿದ್ದಾಗ ನೋಡಿದೆ. ತುದಿ ಮುಟ್ಟಿದ್ನೋ ಇಲ್ವೋ, ವಾಕ್ಯ ಹೇಳಲ್ಲ.

ಬಸ್ ಸ್ಟ್ಯಾಂಡಲ್ಲಿ ‘ವಾಚ್ ಮೈ ಬ್ಯಾಗ್’ ಅಂದ್ರೆ ನೋಡ್ಕೊಂಡಿರಿ ಅಂತ, ದಿಟ್ಟಿಸಿ ಅಂತಲ್ಲ. ಕಾವಲು, ರಕ್ಷಣೆಗೆ ‘ವಾಚ್ ಓವರ್’. ಬರೋದನ್ನ ಹೊಂಚಿ ಕಾಯೋದು ‘ವಾಚ್ ಫಾರ್’: ಕಿಂಡಿ ಪಕ್ಕ ಒನಕೆ ಹಿಡಿದ ಓಬವ್ವ ಮಾಡಿದ್ದು ಇದನ್ನೇ. ‘ವಾಚ್ ಔಟ್’ ಅಂದ್ರೆ ಹುಷಾರ್! ಕೋಟೆಯ ನುಣುಪು ಮೆಟ್ಟಿಲಿಗೆ ‘ವಾಚ್ ಯುವರ್ ಸ್ಟೆಪ್’ ಚೆನ್ನಾಗಿ ಒಪ್ಪುತ್ತೆ.